ಆಫಿ 270: ಬ್ಲಾಕ್ ಕೊನೆಗೂ ಕೂತಿತು

ನಮ್ಮ ಹಳೇ ರೇಸ್ ಕಾರಿನ ಎಂಜಿನ್ ಬ್ಲಾಕ್ (ಸಿಲಿಂಡರ್‌ಗಳಿರುವ ಮೇಲಿನ ಭಾಗ) ಕೊನೆಗೂ ಕ್ರ್ಯಾಂಕ್‌ಕೇಸಿನ (ಕೆಳಗಿನ ಅರ್ಧ) ಮೇಲೆ ಕೂತಿದೆ. ನಾಲ್ಕೂ ಪಿಸ್ಟನ್ ಒಳಗೆ ಹೋಗಿವೆ, ಒಂದು ರಿಂಗೂ ಮುರಿದಿಲ್ಲ. ಪಿಸ್ಟನ್‌ಗಳು ತಿರುಗಿಸುವ ದಂಡ, ಅಂದರೆ ಕ್ರ್ಯಾಂಕನ್ನು ಕೈಯಲ್ಲೇ ತಿರುಗಿಸಬಹುದು. ಕಳೆದ ಸಲ ಬರೆದಾಗ ಇದೇ ಬ್ಲಾಕ್ ಬಿರುಕು ಬಿಟ್ಟುಕೊಂಡು ಬೆಂಚಿನ ಮೇಲಿತ್ತು. ಹಾಗಾಗಿ ಈ ಸಲ ಹೇಳೋದು ಜಾಸ್ತಿ ಇದೆ.

ಹೊಸದಾಗಿ ಓದುವವರಿಗೆ ಸ್ವಲ್ಪ ಹಿನ್ನೆಲೆ. ನಾನಿರುವುದು ಇಂಡಿಯಾನಾಪೊಲಿಸ್ ಹತ್ತಿರ. ವಾರವೆಲ್ಲ ಕಂಪ್ಯೂಟರ್ ಮುಂದೆ ಕೆಲಸ. ಶನಿವಾರ ಬಂತೆಂದರೆ ಒಂದು ಸಣ್ಣ ಗ್ಯಾರೇಜಿಗೆ ಹೋಗುತ್ತೇನೆ. ಅಲ್ಲಿನ ಯಜಮಾನರು ಚಿಕ್ಕಂದಿನಿಂದ ಇಂಥ ಎಂಜಿನ್‌ಗಳ ನಡುವೆಯೇ ಬೆಳೆದವರು. ಈಗ ಕೈಯಲ್ಲಿರುವುದು 1950ರ ದಶಕದ ಒಂದು ಡರ್ಟ್ ಕಾರು, ಅಂದರೆ ಮಣ್ಣಿನ ಟ್ರ್ಯಾಕಿನಲ್ಲಿ ಓಡುತ್ತಿದ್ದ ಒಂದೇ ಸೀಟಿನ ರೇಸ್ ಕಾರು. ಒಳಗಿರುವುದು 270 ಕ್ಯೂಬಿಕ್ ಇಂಚಿನ ಆಫೆನ್‌ಹೌಸರ್ ಎಂಜಿನ್. ಇಲ್ಲಿ ಎಲ್ಲರೂ ಆಫಿ ಅಂತಲೇ ಕರೆಯುತ್ತಾರೆ.

ಇರುವುದು ನಾಲ್ಕೇ ಸಿಲಿಂಡರ್. ಒಟ್ಟು ಸುಮಾರು 4.4 ಲೀಟರ್. ಮಾರುತಿ 800ರ ಮೂರೂ ಸಿಲಿಂಡರ್ ಸೇರಿದರೆ 796 ಸಿಸಿ ಅಲ್ವಾ? ಇದರ ಒಂದೇ ಸಿಲಿಂಡರ್ 1,100 ಸಿಸಿ ಇದೆ. ಒಂದು ಪಿಸ್ಟನ್ ಹಿಡಿಯಲು ಎರಡೂ ಕೈ ಬೇಕು.

ಮೊದಲು ಬಿರುಕಿನ ಕಥೆ. ಹಿಂದೆ ಯಾರೋ ಒಬ್ಬರು ಚಳಿಗಾಲದಲ್ಲಿ ನೀರು ತೆಗೆಯದೆ ಕಾರನ್ನು ಕೊಟ್ಟಿಗೆಯಲ್ಲಿ ಬಿಟ್ಟಿದ್ದರು. ನೀರು ಹೆಪ್ಪುಗಟ್ಟಿ ಹಿಗ್ಗಿ, ಸಿಲಿಂಡರ್‌ಗಳ ಸುತ್ತ ನೀರು ಹರಿಯುವ ವಾಟರ್ ಜಾಕೆಟ್ಟಿನ ಹೊರಗೋಡೆ ಉದ್ದಕ್ಕೆ ಸೀಳಿತ್ತು. ಬೇರೆ ಎಂಜಿನ್ ಆಗಿದ್ದರೆ ಹೆಡ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳ) ಉಳಿಸಿಕೊಂಡು ಬ್ಲಾಕ್ ಬದಲಾಯಿಸಬಹುದಿತ್ತು. ಆಫಿಯಲ್ಲಿ ಆ ದಾರಿ ಇಲ್ಲ. ಇದರಲ್ಲಿ ಬ್ಲಾಕ್ ಮತ್ತು ಹೆಡ್ ಎರಡೂ ಸೇರಿ ಒಂದೇ ಎರಕ. ಎರಡರ ನಡುವೆ ಸೋರದಂತೆ ಇಡುವ ಹೆಡ್ ಗ್ಯಾಸ್ಕೆಟ್ ಅನ್ನುವ ವಸ್ತುವೇ ಇಲ್ಲ. ಗ್ಯಾಸ್ಕೆಟ್ ಇಲ್ಲದ ಮೇಲೆ ಅದು ಸುಡುವ, ಹಾರಿಹೋಗುವ ಮಾತೂ ಇಲ್ಲ. ಎಷ್ಟೋ ವರ್ಷಗಳ ನಂತರ ಇದೇ ಎಂಜಿನ್ನಿನ ಚಿಕ್ಕ ರೂಪಕ್ಕೆ ಟರ್ಬೊ, ಅಂದರೆ ಗಾಳಿಯನ್ನು ಒತ್ತಿ ತುಂಬುವ ಸಾಧನ, ಹಾಕಿದರು. 1968ರಲ್ಲಿ ಬಾಬಿ ಅನ್ಸರ್ ಅದರಲ್ಲಿ ಇಂಡಿ 500, ಅಂದರೆ ಇಂಡಿಯಾನಾಪೊಲಿಸ್ಸಿನ 500 ಮೈಲಿಯ ರೇಸು, ಗೆದ್ದರು. 1970ರ ದಶಕದಲ್ಲಿ ಅದು ಸಾವಿರ ಹಾರ್ಸ್‌ಪವರ್ ಮುಟ್ಟಿತು. ಅಷ್ಟು ಒತ್ತಡ ತಡೆದುಕೊಳ್ಳಲು ಈ ಒಂದೇ ಎರಕದ ಕಟ್ಟು ಎಷ್ಟು ನೆರವಾಯಿತು ಅನ್ನುವುದು ಬ್ಲಾಕನ್ನು ಬಿಚ್ಚಿ ನೋಡಿದವರಿಗೆ ಗೊತ್ತಾಗುತ್ತದೆ.

ಎರಕದ ಕಬ್ಬಿಣಕ್ಕೆ ವೆಲ್ಡಿಂಗ್ ಮಾಡುವುದು ಅಪಾಯ. ಕಾದ ಜಾಗ ಗಡಸಾಗುತ್ತದೆ, ಪಕ್ಕದಲ್ಲೇ ಹೊಸ ಬಿರುಕು ಹುಟ್ಟುತ್ತದೆ. ಅದಕ್ಕೇ ಹೊಲಿಗೆ ಹಾಕಿಸಿದೆವು. ಹೌದು, ಲೋಹಕ್ಕೂ ಹೊಲಿಗೆ ಹಾಕುತ್ತಾರೆ. ಬಿರುಕಿನ ಉದ್ದಕ್ಕೂ ತೂತು ಕೊರೆದು, ಒಳಗೆ ತಿರುಪಿನ ಗೆರೆ ಕೊರೆದು, ಒಂದರ ಅಂಚಿಗೆ ಇನ್ನೊಂದು ಕಚ್ಚುವಂತೆ ಪಿನ್ನುಗಳನ್ನು ತಿರುಪುತ್ತಾರೆ. ಬಿರುಕಿಗೆ ಅಡ್ಡಲಾಗಿ ಪಟ್ಟಿಗಳನ್ನು ಹೊಡೆದು ಕೂರಿಸುತ್ತಾರೆ. ಇಡೀ ಕೆಲಸದಲ್ಲಿ ಬೆಂಕಿಯೇ ಇಲ್ಲ. ಆಮೇಲೆ ಒಳಗೆ ಬಿಸಿನೀರು ತುಂಬಿ, ಒತ್ತಡ ಕೊಟ್ಟು ಪರೀಕ್ಷೆ ಮಾಡಿದೆವು. ಒಂದು ಹನಿಯೂ ಸೋರಲಿಲ್ಲ.

ಹೊಲಿಗೆಯ ಗುರುತನ್ನು ಉಜ್ಜಿ, ಪೇಂಟ್ ಹಚ್ಚಿ ಮರೆಸಬೇಕಾ ಬೇಡವಾ ಅಂತ ಚರ್ಚೆ ಆಯಿತು. ನಾನು ಬೇಡ ಅಂದೆ. ಹಾಗೇ ಬಿಟ್ಟಿದ್ದೇವೆ. ಕಾರಣ ಮುಂದೆ ಹೇಳುತ್ತೇನೆ.

ಬಿರುಕಿಗಿಂತ ಜಾಸ್ತಿ ತಾಳ್ಮೆ ಕೇಳಿದ್ದು ವಾಲ್ವು. ಸಿಲಿಂಡರಿಗೆ ನಾಲ್ಕು, ಒಟ್ಟು ಹದಿನಾರು. ಹೆಡ್ ಕಳಚಲು ಬರುವುದಿಲ್ಲವಲ್ಲ, ಹಾಗಾಗಿ ಎಲ್ಲ ಕೆಲಸವೂ ಬೋರಿನ (ಪಿಸ್ಟನ್ ಓಡುವ ಕೊಳವೆಯ) ಕೆಳಗಿನಿಂದಲೇ. ಬ್ಲಾಕನ್ನು ತಲೆಕೆಳಗು ಮಾಡಿ, ಉದ್ದನೆ ಹಿಡಿಯ ಸಾಣೆಕಲ್ಲನ್ನು ಬಾವಿಗೆ ಇಳಿಬಿಟ್ಟ ಹಾಗೆ ಒಳಗಿಳಿಸಿ, ವಾಲ್ವು ಕೂರುವ ಸೀಟ್ ಕಡಿಯಬೇಕು. ಗುರುತು ತೋರಿಸುವ ನೀಲಿ ಬಣ್ಣ ಹಚ್ಚಿ, ವಾಲ್ವು ಒತ್ತಿ, ಹೊರಗೆ ತೆಗೆದು ನೋಡಬೇಕು. ಸುತ್ತಲೂ ಒಂದೇ ಅಗಲದ ಗೆರೆ ಬರುವ ತನಕ ಬಿಡುವಂತಿಲ್ಲ. ಯಜಮಾನರು ಟಾರ್ಚ್ ಹಿಡಿದು ಒಂದೊಂದನ್ನೂ ನೋಡಿ, ತಲೆಯಾಡಿಸಿ, ‘ಇನ್ನೊಂದು ಸಲ’ ಅನ್ನುತ್ತಿದ್ದರು. ಆ ಮಾತು ಕೇಳಿ ಕೇಳಿ ನನಗೆ ಈಗ ಬರಿಗಣ್ಣಿನಲ್ಲೇ ವ್ಯತ್ಯಾಸ ಕಾಣುತ್ತದೆ.

ಕೆಳಗಿನ ಅರ್ಧದ ವಿಚಾರ ಬೇರೆ. ಕ್ರ್ಯಾಂಕ್‌ಕೇಸು ಅಲ್ಯೂಮಿನಿಯಂ, ಪೀಪಾಯಿಯಂಥ ಆಕಾರ. ಕ್ರ್ಯಾಂಕಿಗೆ ಐದು ಮೇನ್ ಬೇರಿಂಗು. ಬೇರಿಂಗ್ ಹಿಡಿಯುವ ದುಂಡನೆ ವೆಬ್‌ಗಳನ್ನು ಮೊದಲೇ ಕ್ರ್ಯಾಂಕಿಗೆ ಜೋಡಿಸಿ, ಇಡೀ ಸರಕನ್ನು ಒಂದು ತುದಿಯಿಂದ ಒಳಗೆ ತಳ್ಳಬೇಕು. ಕೇಸಿನ ಪಕ್ಕಗಳಲ್ಲಿ ಕೈ ಹಾಕಲು ಕಿಂಡಿಗಳಿವೆ. ಮುಚ್ಚಳ ಬಿಚ್ಚಿದರೆ ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ಕನೆಕ್ಟಿಂಗ್ ರಾಡಿನ ಬೋಲ್ಟು ನೇರ ಸಿಗುತ್ತದೆ. ರಾಡುಗಳು ಕೊಳವೆ ಆಕಾರದವು, ನೋಡಲು ಬಲು ಚೆಂದ. ರೇಸಿನ ಹಿಂದಿನ ರಾತ್ರಿ ಬೇರಿಂಗ್ ಹೋದರೂ, ಬೆಳಗಾಗುವಷ್ಟರಲ್ಲಿ ಬಿಚ್ಚಿ ಸರಿಮಾಡಿಕೊಳ್ಳಬಹುದು ಅನ್ನುವ ಲೆಕ್ಕದಲ್ಲಿ ಕಟ್ಟಿದ್ದಾರೆ. ಬಿಚ್ಚುವವನ ಕೈ ಎಲ್ಲಿಗೆ ಹೋಗುತ್ತದೆ ಅಂತ ಕೂತು ಯೋಚಿಸಿ ಗೆರೆ ಎಳೆದಿದ್ದಾರೆ.

ಆ ಗೆರೆ ಎಳೆದವರು ಲಿಯೊ ಗೂಸನ್. ಇವರ ಹೆಸರನ್ನು ಇನ್ನೂ ಜೋರಾಗಿ ಹೇಳಬೇಕು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ. ಲಾಸ್ ಏಂಜಲೀಸಿನಲ್ಲಿ ಹ್ಯಾರಿ ಮಿಲ್ಲರ್ ಅನ್ನುವವರ ಕಾರ್ಖಾನೆ ಇತ್ತು. ಮಿಲ್ಲರ್‌ಗೆ ಹೊಳಹು ಬರುತ್ತಿತ್ತು, ಗೂಸನ್ ಅದನ್ನು ಡ್ರಾಯಿಂಗಿಗೆ ಇಳಿಸುತ್ತಿದ್ದರು, ಫ್ರೆಡ್ ಆಫೆನ್‌ಹೌಸರ್ ಮೆಷಿನ್ ಶಾಪಿನಲ್ಲಿ ಅದನ್ನು ಲೋಹವಾಗಿಸುತ್ತಿದ್ದರು. ಈ ನಾಲ್ಕು ಸಿಲಿಂಡರಿನ ವಂಶ ಶುರುವಾಗಿದ್ದು ದೋಣಿಗಾಗಿ. 1926ರಲ್ಲಿ ಸ್ಪೀಡ್‌ಬೋಟ್ ರೇಸಿಗೆ ಅಂತ ಮಾಡಿದ ಎಂಜಿನ್ ಅದು. 1930ರಲ್ಲಿ ಅದರ ದೊಡ್ಡ ರೂಪವನ್ನು ಕಾರಿಗಿಟ್ಟು ಶಾರ್ಟಿ ಕ್ಯಾಂಟ್ಲನ್ ಇಂಡಿಯಲ್ಲಿ ಎರಡನೆಯವರಾಗಿ ಬಂದರು. 1933ರಲ್ಲಿ ಮಿಲ್ಲರ್ ದಿವಾಳಿಯಾದಾಗ ಆಫೆನ್‌ಹೌಸರ್ ಸುಮ್ನೆ ಮನೆಗೆ ಹೋಗಲಿಲ್ಲ. ಎರಕದ ಅಚ್ಚುಗಳನ್ನು ಕೊಂಡುಕೊಂಡು ಕೆಲಸ ಮುಂದುವರಿಸಿದರು. 1935ರಲ್ಲಿ ಕೆಲ್ಲಿ ಪೆಟಿಲೊ ಗೆದ್ದದ್ದು ಆಫಿಯ ಮೊದಲ ಇಂಡಿ ಗೆಲುವು. 1946ರಲ್ಲಿ ವ್ಯವಹಾರ ಲೂಯಿ ಮೇಯರ್ ಮತ್ತು ಡೇಲ್ ಡ್ರೇಕ್ ಕೈಗೆ ಹೋಯಿತು. ಮೇಯರ್ ಸ್ವತಃ ಮೂರು ಸಲ ಇಂಡಿ ಗೆದ್ದವರು. ಯಜಮಾನರು ಬದಲಾದರೂ ಗೂಸನ್ ಬದಲಾಗಲಿಲ್ಲ. 1974ರಲ್ಲಿ ತೀರಿಕೊಳ್ಳುವವರೆಗೂ ಈ ವಂಶದ ಜೊತೆಗೇ ಇದ್ದರು. 1947ರಿಂದ 1964ರವರೆಗೆ ಸತತ 18 ವರ್ಷ ಇಂಡಿ 500 ಗೆದ್ದದ್ದು ಇದೇ ವಂಶ. ಇಂಡಿಯಲ್ಲಿ ಅದರ ಕೊನೆಯ ಗೆಲುವು 1976ರಲ್ಲಿ, ಜಾನಿ ರದರ್‌ಫರ್ಡ್ ಅವರದು.

ಈಗ ಬ್ಲಾಕ್ ಇಳಿಸಿದ ದಿನದ ಮಾತು. ಸಾಮಾನ್ಯ ಎಂಜಿನ್ನಿನಲ್ಲಿ ಪಿಸ್ಟನ್ನನ್ನು ಮೇಲಿನಿಂದ ಸಿಲಿಂಡರಿಗೆ ಇಳಿಸುತ್ತಾರೆ. ಇಲ್ಲಿ ಮೇಲೆ ಬಾಯಿಯೇ ಇಲ್ಲ. ಪಿಸ್ಟನ್‌ಗಳನ್ನು ರಾಡಿನ ಮೇಲೆ ನಿಲ್ಲಿಸಿಕೊಂಡು, ಇಡೀ ಬ್ಲಾಕನ್ನು ಅವುಗಳ ಮೇಲೆ ಇಳಿಸಬೇಕು. ಹಾಯಿಸ್ಟಿಗೆ ತೂಗುಹಾಕಿ ಮಟ್ಟ ನೋಡಿದೆವು. ಬೋರಿನ ಕೆಳ ಅಂಚನ್ನು ಸ್ವಲ್ಪ ಇಳಿಜಾರಾಗಿ ಕಡಿದಿರುತ್ತಾರೆ, ರಿಂಗು ತಾನಾಗೇ ಒಳಗೆ ಸರಿಯಲಿ ಅಂತ. ಆದರೂ ರಿಂಗಿನ ಸುತ್ತ ಪಟ್ಟಿ ಬಿಗಿದು, ಮೊದಲು ಮೇಲೆ ನಿಂತ ಎರಡು ಪಿಸ್ಟನ್, ಆಮೇಲೆ ಉಳಿದೆರಡು ಅಂತ ಕೂದಲೆಳೆಯಷ್ಟೇ ಇಳಿಸುತ್ತಾ ಹೋದೆವು. ಒಬ್ಬರು ಸರಪಳಿ ಹಿಡಿದರು, ಇಬ್ಬರು ಎರಡು ಬದಿಯಲ್ಲಿ ನಿಂತೆವು. ಯಾರೂ ಮಾತಾಡಲಿಲ್ಲ. ಎಲ್ಲಾದರೂ ತಡೆದಂತಾದರೆ ಬಲ ಹಾಕಬಾರದು, ಎತ್ತಿ ಮತ್ತೆ ಶುರು ಮಾಡಬೇಕು ಅನ್ನುವುದು ಯಜಮಾನರ ಕಟ್ಟಪ್ಪಣೆ. ಬ್ಲಾಕ್ ಸ್ಟಡ್ಡುಗಳ ಮೇಲೆ ಕೂತು ‘ಟಕ್’ ಅಂದಾಗ ನನಗೆ ನಿಜವಾಗಿಯೂ ಕಣ್ಣು ತುಂಬಿ ಬಂತು.

ಮುಂದಿನ ಗೇರುಗಳನ್ನೂ ಜೋಡಿಸಿ ಆಯಿತು. ವಾಲ್ವು ತೆರೆಯುವ ಎರಡು ಕ್ಯಾಮ್‌ಶಾಫ್ಟಿಗೂ ಚೈನು, ಬೆಲ್ಟು ಯಾವುದೂ ಇಲ್ಲ, ಬರೀ ಗೇರಿನ ಸಾಲು. ಡಿಗ್ರಿ ವೀಲ್ ಮತ್ತು ಡಯಲ್ ಗೇಜ್ ಇಟ್ಟು ಟೈಮಿಂಗ್, ಅಂದರೆ ವಾಲ್ವು ಸರಿಯಾದ ಹೊತ್ತಿಗೆ ತೆರೆಯುತ್ತದಾ ಅಂತ, ಒಂದು ಸುತ್ತು ನೋಡಿದ್ದೇವೆ. ಇನ್ನೊಂದು ಸುತ್ತು ಬಾಕಿ.

ಕಾರಿನ ಹಿಂದಿನ ಕಥೆ ಹುಡುಕುವ ಕೆಲಸವೂ ಜೊತೆಗೆ ನಡೆದಿದೆ. ಇಂಥ ಕಾರುಗಳ ಜಾತಕ ಬಿಡಿಸುವುದು ಸುಲಭ ಅಲ್ಲ. ಎಂಜಿನ್ ಒಂದು ಕಾರಿನಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ಪ್ರತಿ ಸೀಸನ್ನಿಗೆ ಬಣ್ಣ, ನಂಬರು ಬದಲಾಗುತ್ತಿತ್ತು. ಲೋಹವೇ ಒಂದಿಷ್ಟು ಹೇಳುತ್ತದೆ. 1957ರಲ್ಲಿ ಎಂಜಿನ್ ಗಾತ್ರದ ಮಿತಿಯನ್ನು 4.5 ಲೀಟರಿನಿಂದ 4.2ಕ್ಕೆ ಇಳಿಸಿದರು. ಆಗ ರಾಷ್ಟ್ರೀಯ ಚಾಂಪಿಯನ್‌ಶಿಪ್ಪಿನಲ್ಲಿ 270ಕ್ಕೆ ಜಾಗ ಇಲ್ಲವಾಯಿತು. ನಮ್ಮ ಎಂಜಿನ್ನಿನಲ್ಲಿ ಇನ್ನೂ 270ರ ಉದ್ದ ಸ್ಟ್ರೋಕಿನ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) ಕ್ರ್ಯಾಂಕೇ ಇದೆ. ಹಾಗಾದರೆ ಇದು ಅಷ್ಟರೊಳಗೇ ದೊಡ್ಡ ರೇಸು ಬಿಟ್ಟಿರಬಹುದು. ಚಾಸಿ ಟ್ಯೂಬುಗಳಲ್ಲಿ ಹಳೇ ವೆಲ್ಡಿಂಗ್ ಎರಡು ಬಗೆಯದು ಕಾಣುತ್ತದೆ. ಎರಡು ಕೈಗಳು, ಎರಡು ಕಾಲ. ಹಳೇ ಫೋಟೋಗಳ ಜೊತೆ ಹೋಲಿಸುತ್ತಿದ್ದೇವೆ.

ಡರ್ಟ್ ಕಾರು ಅಂದರೆ ಇಂಡಿಗೆ ಸಂಬಂಧ ಇಲ್ಲದ್ದು ಅಂತ ಕೆಲವರು ತಿಳಿದಿದ್ದಾರೆ. 1952ನೇ ವರ್ಷ ನೋಡಿ. ಪೋಲ್, ಅಂದರೆ ಸಾಲಿನ ಮೊದಲ ಜಾಗ, ಹಿಡಿದಿದ್ದು ಕಮಿನ್ಸ್ ಡೀಸೆಲ್ ಕಾರು, ಓಡಿಸಿದ್ದು ಫ್ರೆಡ್ ಅಗಬಾಷಿಯನ್. ಟರ್ಬೊ ಬಾಯಿಗೆ ಟ್ರ್ಯಾಕಿನ ರಬ್ಬರ್ ಚೂರು ಕಟ್ಟಿಕೊಂಡು 71 ಸುತ್ತಿಗೆ ನಿಂತಿತು. ಫೆರಾರಿಯ ಆಲ್ಬರ್ಟೊ ಅಸ್ಕಾರಿ ಇಟಲಿಯಿಂದ ಬಂದಿದ್ದರು, ಚಕ್ರ ಮುರಿದು ಬೇಗ ಹೊರಬಿದ್ದರು. ಆಗಷ್ಟೇ ಬಂದಿದ್ದ, ನೆಲಕ್ಕೆ ತಗ್ಗಾದ ರೋಡ್‌ಸ್ಟರ್ ಕಾರಿನಲ್ಲಿ ಬಿಲ್ ವುಕೊವಿಚ್ ಮುಂದಿದ್ದರು. ಇನ್ನು ಹತ್ತು ಸುತ್ತೂ ಉಳಿದಿರಲಿಲ್ಲ, ಸ್ಟಿಯರಿಂಗ್ ಕೈಕೊಟ್ಟು ಗೋಡೆಗೆ ತಗುಲಿದರು. ಗೆದ್ದಿದ್ದು 22 ವರ್ಷದ ಟ್ರಾಯ್ ರಟ್‌ಮನ್, ಎಡ್ಡಿ ಕುಜ್ಮಾ ಕಟ್ಟಿದ ಡರ್ಟ್ ಕಾರಿನಲ್ಲಿ. ಒಳಗಿದ್ದದ್ದು ಆಫಿ. ವುಕೊವಿಚ್ ಮುಂದಿನ ಎರಡೂ ವರ್ಷ ಅದೇ ರೋಡ್‌ಸ್ಟರ್‌ನಲ್ಲಿ ಗೆದ್ದರು. 1955ರಲ್ಲಿ ಮುಂದಿರುವಾಗಲೇ ಅಪಘಾತದಲ್ಲಿ ತೀರಿಕೊಂಡರು. 1958ರ ಇಂಡಿ ಗೆದ್ದ ಜಿಮ್ಮಿ ಬ್ರಯಾನ್ 1960ರಲ್ಲಿ ಪೆನ್ಸಿಲ್ವೇನಿಯಾದ ಲ್ಯಾಂಗ್‌ಹಾರ್ನ್ ಮಣ್ಣಿನ ಟ್ರ್ಯಾಕಿನಲ್ಲಿ ಪ್ರಾಣ ಬಿಟ್ಟರು. ನೇರ ದಾರಿಯೇ ಇಲ್ಲದ, ಪೂರ್ತಿ ದುಂಡನೆ ಒಂದು ಮೈಲಿ ಅದು. ನಮ್ಮ ಕಾರಿನ ಸೀಟಿನಲ್ಲಿ ಕೂತು ನೋಡಿದರೆ ತಲೆಯ ಹಿಂದೆ ಏನೂ ಇಲ್ಲ. ಅಷ್ಟು ತೆರೆದ ಜಾಗದಲ್ಲಿ ಕೂತು ಅವರು ಬಾಳ್ವೆ ಮಾಡಿದರು.

ಹೊಲಿಗೆ, ನೆಗ್ಗು, ಹಳೇ ವೆಲ್ಡಿಂಗ್ ಉಳಿಸಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ. ಕೆಲವು ಕಡೆ ಹಳೇ ರೇಸ್ ಕಾರನ್ನು ಎಷ್ಟು ಮಿಂಚಿಸುತ್ತಾರೆ ಅಂದರೆ, ಅದು ಯಾವತ್ತೂ ರೇಸ್ ಓಡದ ಕಾರಿನ ಹಾಗೆ ಕಾಣುತ್ತದೆ. ಒಳಗಿನ ಲೋಹ ಗಟ್ಟಿಯಿರಬೇಕು, ಅದರಲ್ಲಿ ರಾಜಿ ಇಲ್ಲ. ಸ್ಟಿಯರಿಂಗಿನ ತೋಳು, ಹಬ್ಬು, ಆಕ್ಸಲ್ ಎಲ್ಲವನ್ನೂ ಬಿರುಕಿನ ಪರೀಕ್ಷೆಗೆ ಕಳಿಸಿದ್ದೇವೆ. ಆಕ್ಸಲ್ ಪಾಸಾಗಲಿಲ್ಲ, ಹೊಸದು ಮಾಡಿಸುತ್ತಿದ್ದೇವೆ. ಹಳೆಯದನ್ನು ಚೀಟಿ ಕಟ್ಟಿ ಇಟ್ಟಿದ್ದೇವೆ. ಆದರೆ ಹೊರಗಿನ ಅಲ್ಯೂಮಿನಿಯಂ ಮೈಗೆ ಮಣ್ಣು, ಕಲ್ಲು ಹೊಡೆದ ಗುರುತು ಇದೆಯಲ್ಲ, ಅದು ಆ ಟ್ರ್ಯಾಕುಗಳದ್ದು. ಅದನ್ನು ಅಳಿಸುವ ಹಕ್ಕು ನಮಗಿಲ್ಲ ಅಂತ ನನ್ನ ನಂಬಿಕೆ.

ಇನ್ನು ಬಾಕಿ ಇರುವುದು. ಹಿಲ್‌ಬಾರ್ನ್ ಫ್ಯೂಯಲ್ ಇಂಜೆಕ್ಷನ್ ಬಿಚ್ಚಿದ್ದೇವೆ. ಸ್ಟೂವರ್ಟ್ ಹಿಲ್‌ಬಾರ್ನ್ ರೂಪಿಸಿದ ಈ ವ್ಯವಸ್ಥೆಯಲ್ಲಿ ಎಲೆಕ್ಟ್ರಾನಿಕ್ ಅಂತ ಏನೂ ಇಲ್ಲ. ಎಂಜಿನ್ ತಿರುಗಿಸುವ ಒಂದು ಪಂಪು, ಥ್ರಾಟಲ್ ಜೊತೆ ತಿರುಗುವ ಒಂದು ಬ್ಯಾರಲ್ ವಾಲ್ವು, ಮಿಕ್ಕಿದ್ದನ್ನು ಟ್ಯಾಂಕಿಗೆ ವಾಪಸ್ ಕಳಿಸುವ ಒಂದು ಜೆಟ್ಟು. ಇಂಧನ ಮೆಥನಾಲ್. ಪೆಟ್ರೋಲಿನ ಎರಡು ಪಟ್ಟಿಗಿಂತ ಜಾಸ್ತಿ ಕುಡಿಯುತ್ತದೆ, ಎಂಜಿನ್ನನ್ನು ತಂಪಾಗಿಡುತ್ತದೆ. ಆದರೆ ನೀರು ಹೀರಿಕೊಂಡು ಅಲ್ಯೂಮಿನಿಯಂ ತಿನ್ನುತ್ತದೆ. ಪಂಪಿನ ಒಳಗೆ ಬಿಳಿ ಪುಡಿ ಕಟ್ಟಿದ್ದು ಅದಕ್ಕೇ. ಅದರ ಬೆಂಕಿ ಹಗಲಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ, ಹಾಗಾಗಿ ಸ್ಟಾರ್ಟ್ ಮಾಡುವ ದಿನ ಬಕೆಟ್‌ಗಟ್ಟಲೆ ನೀರು ಪಕ್ಕದಲ್ಲಿರುತ್ತದೆ. ಎಣ್ಣೆ ಟ್ಯಾಂಕಿನಿಂದ ಕೆರೆದ ಕಂದು ಅಂಟು ಹರಳೆಣ್ಣೆಯದು. ಆ ಕಾಲದ ರೇಸ್ ಎಂಜಿನ್‌ಗಳಿಗೆ ಹರಳೆಣ್ಣೆ ಹಾಕುತ್ತಿದ್ದರು. ಟ್ಯಾಂಕಿನ ಮೂಲೆಯಲ್ಲಿ ಇನ್ನೂ ಸ್ವಲ್ಪ ಅಂಟು ಉಳಿದಿದೆ.

ಕಿಡಿಗೆ ವಿದ್ಯುತ್ ಕೊಡುವ ಮ್ಯಾಗ್ನೆಟೊ ಹೊಸದಾಗಿ ತಂತಿ ಸುತ್ತಿಸಲು ಹೋಗಿದೆ. ಅದು ಬಂದ ಮೇಲೆ ಟೈಮಿಂಗಿನ ಎರಡನೇ ಸುತ್ತು, ಆಮೇಲೆ ಎಣ್ಣೆ ಬಿಸಿ ಮಾಡಿ ಪಂಪ್ ಮಾಡಿ ಒತ್ತಡ ನೋಡುವುದು. ಕಾರಿನಲ್ಲಿ ಸ್ಟಾರ್ಟರ್ ಇಲ್ಲ, ಇನ್ನೊಂದು ಗಾಡಿಯಿಂದ ತಳ್ಳಬೇಕು. ಅದಕ್ಕೆ ಉದ್ದನೆಯ ರಸ್ತೆ ಬೇಕು. ಒಬ್ಬ ರೈತರು ತಮ್ಮ ಮೆಕ್ಕೆಜೋಳದ ಹೊಲದ ಪಕ್ಕದ ದಾರಿ ಬಳಸಿಕೊಳ್ಳಿ ಅಂದಿದ್ದಾರೆ. ಕೊಯ್ಲು ಮುಗಿದ ಮೇಲೆ ಅಂತ ಮಾತಾಗಿದೆ.