ಬೆಂಕಿಪೊಟ್ಟಣದ ಬಸ್ಸು

2011ರ ಮೇ ತಿಂಗಳು. ಹಾಸನದಲ್ಲಿ ಸಿವಿಲ್ ಇಂಜಿನಿಯರಿಂಗ್ ಕೊನೆಯ ಸೆಮಿಸ್ಟರ್. ಪ್ರಾಜೆಕ್ಟ್‌ಗೆ ಅಂತ ನಾವು ನಾಲ್ಕು ಜನ ಸೇರಿ ಒಂದು ಬಸ್ ನಿಲ್ದಾಣದ ನಕ್ಷೆ ಬರೆದಿದ್ದೆವು. ಪಕ್ಕದಲ್ಲೇ ಲಾರಿಗಳಿಂದ ಸರಕು ಇಳಿಸೋಕೆ ಕಟ್ಟೆ. ಅಂಗಳದ ನಡುವೆ, ನನ್ನ ಹಟಕ್ಕೆ, ಒಂದು ಕಾರಂಜಿ.

ಗೈಡ್ ಹಾಳೆ ಬಿಡಿಸಿ ನೋಡಿದರು. "ಚೆನ್ನಾಗಿದೆಯಪ್ಪಾ. ದಿನಕ್ಕೆ ಎಷ್ಟು ಬಸ್ ಬರುತ್ತೆ?" ಅಂದರು. ನಾವು ಮುಖ ಮುಖ ನೋಡಿಕೊಂಡೆವು.

ಮಾರನೇ ದಿನ ಬೆಳಗ್ಗೆ ಆರಕ್ಕೆಲ್ಲ ಜಿಲ್ಲೆಯ ಒಂದು ತಾಲ್ಲೂಕು ಬಸ್ ನಿಲ್ದಾಣದಲ್ಲಿ ನಾನು ಮತ್ತು ಗೆಳೆಯ ನೋಟ್‌ಬುಕ್ ಹಿಡಿದು ಕೂತೆವು. ಊರಿನ ಹೆಸರು ಬೇಡ. ಕೆಲಸ ಸುಲಭ. ಬಸ್ಸಿನ ನಂಬರು, ಒಳಗೆ ಬಂದ ಟೈಮು, ಹೊರಗೆ ಹೋದ ಟೈಮು. ಏಳೂವರೆಯಿಂದ ಎಂಟೂವರೆಯೊಳಗೆ 34 ಬಸ್ ಬಂದವು. ಒಂದೊಂದೂ ಸರಾಸರಿ 13 ನಿಮಿಷ ನಿಂತಿತ್ತು. ಇವೆರಡನ್ನೂ ಗುಣಿಸಿ 60ರಿಂದ ಭಾಗಿಸಿದರೆ ಒಂದು ಹೊತ್ತಿಗೆ ಒಳಗೆ ನಿಂತಿರೋ ಬಸ್ಸುಗಳ ಸರಾಸರಿ ಸಿಗುತ್ತದೆ, ಏಳು ಚಿಲ್ಲರೆ. ಅಂದರೆ ಎಂಟು ಬಸ್ ನಿಲ್ಲೋಕೆ ಜಾಗ ಇದ್ದರೆ ಸಾಕು. ಲೆಕ್ಕ ಇಷ್ಟೇನಾ ಅಂತ ನಗು ಬಂತು.

ತಲೆ ಎತ್ತಿ ನೋಡಿದರೆ ಎದುರಿಗೆ ಹನ್ನೊಂದು ಬಸ್ ನಿಂತಿದ್ದವು. ಇನ್ನೆರಡು ಬಸ್ ಗೇಟಿನ ಹತ್ತಿರ ಹಾರ್ನ್ ಹೊಡೆಯುತ್ತಿದ್ದವು.

ಸರಾಸರಿ ಅನ್ನೋದೇ ಹಾಗೆ. ಬಸ್ಸುಗಳು ಎರಡೆರಡು ನಿಮಿಷಕ್ಕೆ ಒಂದರಂತೆ ಸಾಲಾಗಿ ಬರುವುದಿಲ್ಲ. ಐದು ಒಟ್ಟಿಗೆ ನುಗ್ಗುತ್ತವೆ, ಆಮೇಲೆ ಹತ್ತು ನಿಮಿಷ ಅಂಗಳ ಖಾಲಿ. ಬೇಗ ಬಂದ ಬಸ್ಸು ಟೈಮ್ ಆಗುವವರೆಗೆ ಹೊರಡೋ ಹಾಗಿಲ್ಲ. ಕಂಡಕ್ಟರ್ ಕಂಟ್ರೋಲರ್ ಹತ್ತಿರ ಎಂಟ್ರಿ ಹಾಕಿಸಬೇಕು, ಡ್ರೈವರ್ ಟೀ ಕುಡಿಯಬೇಕು. ಜೊತೆಗೆ ಅದು ಮದುವೆ ಸೀಸನ್ನು. ಒಂದು ಬಸ್ಸಿಗೆ ಪಾತ್ರೆ ಚೀಲ, ಹಾರದ ಬುಟ್ಟಿ, ಹತ್ತೋಕೆ ಆಗದ ಅಜ್ಜಿ ಎಲ್ಲ ಸೇರಿ ಇಪ್ಪತ್ತೈದು ನಿಮಿಷ ಹಿಡಿಯಿತು. ನೋಟ್‌ಬುಕ್‌ನಲ್ಲಿ ಅಜ್ಜಿಗೆ ಕಾಲಂ ಇರಲಿಲ್ಲ.

ಇನ್ನೊಂದು ನೋಡಿದ್ದು ರಿವರ್ಸ್. ಬಸ್ಸುಗಳು ಮೂತಿಯನ್ನು ಪ್ಲಾಟ್‌ಫಾರಂ ಕಟ್ಟೆಗೆ ಕೊಟ್ಟು ನಿಲ್ಲುತ್ತಿದ್ದವು. ಬಾಗಿಲು ಎಡಗಡೆ, ಹಾಗಾಗಿ ಜನ ಎರಡು ಬಸ್ಸುಗಳ ಸಂದಿಯಲ್ಲಿ ನುಸುಳಿ ಹತ್ತಬೇಕು. ಹೊರಡುವಾಗ ಬಸ್ಸು ಹಿಂದಕ್ಕೆ ಬರುತ್ತದೆ. ಕಂಡಕ್ಟರ್ ಹಿಂದೆ ನಿಂತು ಸೀಟಿ ಊದುತ್ತಾ, ತಗಡು ಬಡಿಯುತ್ತಾ, "ಬರ್ಲಿ, ಬರ್ಲಿ... ಹೋಲ್ಡಾನ್!" ಅನ್ನುತ್ತಾನೆ. ಅವನ ಬೆನ್ನ ಹಿಂದೆಯೇ ಮಗು ಎತ್ತಿಕೊಂಡವರು ಓಡಾಡುತ್ತಿರುತ್ತಾರೆ. ನಾನು ಗೆಳೆಯನಿಗೆ, "ನೋಡು, ನಮ್ಮ ಡಿಸೈನ್‌ನಲ್ಲಿ ರಿವರ್ಸೇ ಇಲ್ಲ" ಅಂದೆ, ಸ್ವಲ್ಪ ಜಂಬದಿಂದಲೇ. ನಾವು ಬರೆದಿದ್ದು ಗರಗಸದ ಹಲ್ಲಿನಂಥ ಕಟ್ಟೆ. ಬಸ್ಸು ಓರೆಯಾಗಿ ಬಂದು ಎಡ ಮಗ್ಗುಲನ್ನು ಹಲ್ಲಿಗೆ ಒತ್ತಿ ನಿಲ್ಲುತ್ತದೆ, ಮುಂದಕ್ಕೇ ಹೊರಟು ಹೋಗುತ್ತದೆ.

ಅದಕ್ಕೂ ಬೆಲೆ ಇದೆ ಅಂತ ಗೊತ್ತಾಗಿದ್ದು ಟೇಪು ಹಿಡಿದಾಗ. ಮೂತಿ ಕೊಟ್ಟು ನಿಲ್ಲುವ ಬಸ್ಸಿಗೆ ಕಟ್ಟೆಯ ಉದ್ದ ನಾಲ್ಕು ಮೀಟರ್ ಸಾಕು. ಗರಗಸದ ಹಲ್ಲಿಗೆ ಹೆಚ್ಚುಕಡಿಮೆ ಇಪ್ಪತ್ತು ಮೀಟರ್ ಬೇಕು. 12 ಮೀಟರ್ ಉದ್ದದ ಬಸ್ಸು ಮುಂದಿನದಕ್ಕೆ ತಗುಲದೆ ಹೊರಗೆ ತಿರುಗಬೇಕಲ್ಲ. ಎಂಟು ಬಸ್ಸಿಗೆ 32 ಮೀಟರ್ ಎಲ್ಲಿ, 160 ಮೀಟರ್ ಎಲ್ಲಿ! ಊರಿನ ನಡುವೆ ಅಷ್ಟುದ್ದ ಜಾಗ ಯಾರು ಕೊಡ್ತಾರೆ? ಆ ಸೀಟಿ ಊದುವವನ ಮೇಲೆ ನನಗೆ ಗೌರವ ಶುರುವಾಗಿದ್ದು ಆಗಲೇ.

ಮಧ್ಯಾಹ್ನ ಹಾಸನಕ್ಕೆ ವಾಪಸ್. ಬಿತ್ತನೆ ಆಲೂಗಡ್ಡೆ ಕಾಲ. ಜಲಂಧರ್‌ನಿಂದ ಬೀಜದ ಮೂಟೆ ಹೊತ್ತ ಲಾರಿಗಳು ಬಂದು ನಿಲ್ಲುತ್ತವೆ, ಮಳೆ ಹನಿದ ಕೂಡಲೇ ರೈತರು ಮುಗಿಬೀಳುತ್ತಾರೆ. ಒಂದು ಮಂಡಿಯಲ್ಲಿ ಹಮಾಲಿಗಳು ಮೂಟೆ ಇಳಿಸುತ್ತಿದ್ದರು. ನಮ್ಮ ನಕ್ಷೆಯಲ್ಲಿ ಸರಕು ಇಳಿಸೋ ಕಟ್ಟೆಯ ಎತ್ತರ ನಾಲ್ಕು ಅಡಿ. ಲಾರಿಯ ಹಾಸಿನ ಎತ್ತರಕ್ಕೆ ಸರಿಯಾಗಿ. ಪುಸ್ತಕದಲ್ಲಿ ಹಾಗೇ ಇತ್ತು. ಅದನ್ನು ಒಬ್ಬ ಹಿರಿಯ ಹಮಾಲಿಗೆ ಹೇಳಿದೆ.

ಅವರು ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಬೆವರು ಒರೆಸಿಕೊಂಡರು. "ಯಾವ್ ಲಾರಿಗೆ ಸ್ವಾಮಿ? ಲೋಡ್ ಇದ್ದಾಗ್ಲೋ, ಇಳಿಸಿದ್ಮೇಲೋ?"

ನಾನು ಸುಮ್ಮನಾದೆ. ಅವರು ಲಾರಿಯ ಹತ್ತಿರ ಕರೆದುಕೊಂಡು ಹೋಗಿ ಹಿಂದಿನ ಪಟ್ಟಾ, ಅಂದರೆ ಭಾರ ಹೊರುವ ಸ್ಪ್ರಿಂಗ್, ತೋರಿಸಿದರು. ತುಂಬಿದ ಲಾರಿಗೆ ಪಟ್ಟಾ ಬಹುತೇಕ ನೆಟ್ಟಗೆ. ಪಕ್ಕದ ಖಾಲಿ ಲಾರಿಗೆ ಬಿಲ್ಲಿನ ಹಾಗೆ ಬಾಗಿತ್ತು. ಮೂಟೆ ಇಳಿದಂತೆಲ್ಲ ಲಾರಿ ಏಳುತ್ತದೆ. ಒಂದೇ ಲಾರಿಗೇ ಕಟ್ಟೆ ಮೊದಲು ಎತ್ತರ, ಆಮೇಲೆ ತಗ್ಗು. ಇನ್ನು ಮೂಟೆ ಒಯ್ಯೋಕೆ ರೈತ ತರುವುದು ಟ್ರ್ಯಾಕ್ಟರ್ ಟ್ರೇಲರ್ರೋ, ಚಿಕ್ಕ ಗೂಡ್ಸ್ ಆಟೋನೋ. ಅವಕ್ಕೆ ನಾಲ್ಕು ಅಡಿ ಅಂದರೆ ಅಟ್ಟದಿಂದ ಮೂಟೆ ಇಳಿಸಿದ ಹಾಗೆ. ಹಾಗಾದರೆ ಇಲ್ಲಿ ಏನು ಮಾಡ್ತೀರಿ ಅಂದೆ. ಗೋಡೆಗೆ ಒರಗಿಸಿದ್ದ ದಪ್ಪ ಹಲಗೆಯನ್ನು ಕಾಲಲ್ಲಿ ಒದ್ದು ತೋರಿಸಿದರು. ಮೂಟೆ ಹೊತ್ತು ನಡೆದ ಕಾಲುಗಳು ಅದರ ನಡುವನ್ನು ತಿಕ್ಕಿ ಹೊಳಪು ತಂದಿದ್ದವು. ಆಚೆ ಒಬ್ಬರು ಕಟ್ಟೆಗೆ ಒಂದು ತುದಿಯಲ್ಲಿ ಇಳಿಜಾರು ಕೊಟ್ಟುಬಿಟ್ಟಿದ್ದರು, ಗಾಡಿ ತನ್ನ ಎತ್ತರಕ್ಕೆ ತಕ್ಕ ಕಡೆ ನಿಲ್ಲಲಿ ಅಂತ. ಅದನ್ನು ಕದ್ದು ಬರೆದುಕೊಂಡೆ.

ರಾತ್ರಿ ಮಾವನ ಮನೆ. ಅಮ್ಮನ ಅಣ್ಣ. ಸರ್ಕಾರಿ ಬಸ್ಸಿನಲ್ಲಿ ಡ್ರೈವರ್ ಆಗಿದ್ದು ಆಗಷ್ಟೇ ರಿಟೈರ್ ಆಗಿದ್ದರು. ಊಟ ಆದಮೇಲೆ ಜಗಲಿಯಲ್ಲಿ ನಕ್ಷೆ ಹರಡಿದೆ. ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. ಆಮೇಲೆ ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ಗರಗಸದ ಹಲ್ಲಿಗೆ ಒತ್ತಿ ಇಟ್ಟರು.

"ಇದು ಬಸ್ಸು ಕಣ್ಲಾ. ಈಗ ಹೊರಡ್ತೀನಿ ನೋಡು."

ಹಿಂದಿನ ಚಕ್ರ ಇರಬೇಕಾದ ಕಡೆ ತೋರುಬೆರಳು ಒತ್ತಿ ಹಿಡಿದು, ಮೂತಿಯನ್ನು ಮೆಲ್ಲಗೆ ಬಲಕ್ಕೆ ತಿರುಗಿಸಿದರು. ಚಕ್ರದ ಹಿಂದೆ ಉಳಿದ ತುದಿ ಎಡಕ್ಕೆ ಸರಿಯಿತು. ನಾನು ಪೆನ್ಸಿಲ್‌ನಲ್ಲಿ ಎಳೆದಿದ್ದ ಕಟ್ಟೆಯ ಗೆರೆಯನ್ನು ದಾಟಿತು.

"ಬಾಲ ಬೀಸ್ತು. ಇಲ್ಲಿ ಯಾರ್ ನಿಂತಿರ್ತಾರೆ?"

ಅಲ್ಲಿ ನಾನು ಬೆಂಚ್ ಬರೆದಿದ್ದೆ.

ನಾನು ರಬ್ಬರ್ ಹುಡುಕುವಷ್ಟರಲ್ಲಿ ಮಾವ ಕಾರಂಜಿಗೆ ಬಂದಿದ್ದರು. "ಇದೇನ್ಲಾ, ಬಾವಿನಾ?"

"ಕಾರಂಜಿ ಮಾವ. ನೋಡೋಕೆ ಚೆನ್ನಾಗಿರುತ್ತೆ ಅಂತ."

"ಸರಿ. ರಾತ್ರಿ ಹಾಲ್ಟ್ ಬಸ್ಸು ಎಲ್ಲಿ ನಿಲ್ಸೋದು? ನಾನೆಲ್ಲಿ ಮಲಗ್ಲಿ?" ಮೂವತ್ತು ವರ್ಷ ಹಳ್ಳಿ ರೂಟು ಓಡಿಸಿ ಎಷ್ಟೋ ರಾತ್ರಿ ಬಸ್ಸಿನ ಸೀಟಿನ ಮೇಲೇ ಮಲಗಿದವರು. ನಕ್ಷೆಯಲ್ಲಿ ವಿಐಪಿ ರೂಮಿತ್ತು, ಮೂರು ಅಂಗಡಿ ಇದ್ದವು, ಡ್ರೈವರ್ ಕಂಡಕ್ಟರ್‌ಗೆ ಒಂದು ಮಂಚ ಹಾಕುವಷ್ಟು ಜಾಗ ಎಲ್ಲೂ ಇರಲಿಲ್ಲ. ಮಾವ ಇನ್ನೇನೂ ಹೇಳಲಿಲ್ಲ. ಬೀಡಿ ಹಚ್ಚಿ, ಬೆಂಕಿಪೊಟ್ಟಣವನ್ನು ಕಾರಂಜಿಯ ಮೇಲೆ ಇಟ್ಟರು.

ಸೋಮವಾರ ಗೈಡ್ ಹೊಸ ಹಾಳೆ ನೋಡಿದರು. ಬೆಂಚು ಹಿಂದೆ ಸರಿದಿತ್ತು, ಹಲ್ಲುಗಳು ಮೂರಕ್ಕೆ ಇಳಿದಿದ್ದವು, ಉಳಿದ ಬಸ್ಸುಗಳು ಹಳೇ ಥರ ರಿವರ್ಸ್‌ಗೆ ಬಂದಿದ್ದವು.

"ಕಾರಂಜಿ ಎಲ್ಲಪ್ಪಾ?"

"ಅಲ್ಲಿ ನೈಟ್ ಹಾಲ್ಟ್ ಬಸ್ ನಿಂತಿದೆ ಸಾರ್" ಅಂದೆ.