ಪೈಲಟ್ ಆಗೋಕೆ ಡಿಗ್ರಿ ಬೇಕೇ ಬೇಕಾ?

ಅಮೆರಿಕದ ಮಟ್ಟಿಗೆ ಹೇಳೋದಾದರೆ, ಕಾನೂನು ಡಿಗ್ರಿ ಕೇಳಲ್ಲ. ಅಲ್ಲಿನ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಕೇಳೋದು ಎಟಿಪಿ ಸರ್ಟಿಫಿಕೇಟ್, ಅಂದರೆ ಏರ್‌ಲೈನ್ ಪೈಲಟ್ ಆಗೋಕೆ ಬೇಕಾದ ಪರವಾನಗಿ: 23 ವರ್ಷ ವಯಸ್ಸು, ಒಟ್ಟು 1,500 ಗಂಟೆ ಹಾರಾಟ, ಅದರಲ್ಲಿ 500 ಗಂಟೆ ಕ್ರಾಸ್ ಕಂಟ್ರಿ (ಒಂದು ಊರಿಂದ ದೂರದ ಇನ್ನೊಂದು ಊರಿಗೆ ಹಾರೋದು), 100 ಗಂಟೆ ರಾತ್ರಿ ಹಾರಾಟ. ಡಿಗ್ರಿ ಬೇಕು ಅಂತಿದ್ದದ್ದು ದೊಡ್ಡ ಏರ್‌ಲೈನ್‌ಗಳು. 2022ರ ಜನವರಿಯಲ್ಲಿ ಡೆಲ್ಟಾ ಕೂಡ ಆ ಕಡ್ಡಾಯವನ್ನು ಕೈಬಿಟ್ಟಿತು.

ಹಾಗಂತ ಡಿಗ್ರಿ ದಂಡ ಅಲ್ಲ. ಎಫ್‌ಎಎ ಮಾನ್ಯತೆ ಇರೋ ಕಾಲೇಜಿನಲ್ಲಿ ವಿಮಾನಯಾನದ ಬ್ಯಾಚುಲರ್ ಡಿಗ್ರಿ ಮಾಡಿದರೆ 1,000 ಗಂಟೆಗೇ, 21ನೇ ವಯಸ್ಸಿಗೇ ನಿರ್ಬಂಧಿತ ಎಟಿಪಿ (ಏರ್‌ಲೈನ್‌ನಲ್ಲಿ ಸಹ ಪೈಲಟ್ ಆಗಿ ಹಾರೋಕೆ ಸಾಕಾಗೋ ಎಟಿಪಿ) ಸಿಗುತ್ತೆ. ಎರಡು ವರ್ಷದ ಅಸೋಸಿಯೇಟ್ ಡಿಗ್ರಿಗೆ 1,250 ಗಂಟೆ.

ಎಡವೋದು ಇಲ್ಲೇ. ಇನ್‌ಸ್ಟ್ರುಮೆಂಟ್ (ಉಪಕರಣ ನೋಡಿಕೊಂಡೇ ಹಾರೋದು) ಮತ್ತು ಕಮರ್ಷಿಯಲ್ (ಸಂಬಳಕ್ಕೆ ಹಾರೋದು) ತರಬೇತಿ ಆ ಕಾಲೇಜಿನದೇ ಅಥವಾ ಅದರ ಜೊತೆ ಒಪ್ಪಂದ ಇರೋ ಪಾರ್ಟ್ 141 ಶಾಲೆಯಲ್ಲೇ (ಎಫ್‌ಎಎ ಒಪ್ಪಿದ ಪಠ್ಯಕ್ರಮದ ಹಾರಾಟ ಶಾಲೆ) ಆಗಬೇಕು. ಹೊರಗೆ ಎಲ್ಲೋ ಮುಗಿಸಿಕೊಂಡು ಬಂದರೆ ಕೈಯಲ್ಲಿ ಡಿಗ್ರಿ ಇದ್ದರೂ ರಿಯಾಯಿತಿ ಇಲ್ಲ. ಸೇರೋ ಮುಂಚೆ ಇದನ್ನ ಬರಹದಲ್ಲೇ ಕೇಳಿ ತಗೊಳ್ಳಿ.

ಇನ್ನೊಂದು, ಫೀಸ್ ಕಟ್ಟೋ ಮೊದಲೇ ಫಸ್ಟ್ ಕ್ಲಾಸ್ ಮೆಡಿಕಲ್, ಅಂದರೆ ಪೈಲಟ್‌ಗಳ ಅತಿ ಕಟ್ಟುನಿಟ್ಟಿನ ಆರೋಗ್ಯ ಪ್ರಮಾಣಪತ್ರ, ಮಾಡಿಸಿಬಿಡಿ. ಅದು ಸಿಗದಿದ್ದರೆ ಗಂಟೆಗಳೂ ಡಿಗ್ರಿಯೂ ಏರ್‌ಲೈನ್ ಕ್ಯಾಪ್ಟನ್ ಸೀಟಿನ ತನಕ ತಲುಪಿಸಲ್ಲ.

ಒಂದು ಯೋಚನೆ ಮಾತ್ರ ಬಿಡ್ತಿಲ್ಲ. ಮುಂದೊಂದು ದಿನ ಆ ಮೆಡಿಕಲ್ಲೇ ಕೈಕೊಟ್ಟರೆ, ನೆಲದ ಮೇಲೆ ಬೇರೆ ಕೆಲಸ ಹುಡುಕುವಾಗ ಜೊತೆಗಿರೋದು ಅದೇ ಡಿಗ್ರಿ. ನನ್ನ ಮಟ್ಟಿಗೆ, ಅದನ್ನ ಓದೋಕೆ ಇರೋ ಗಟ್ಟಿ ಕಾರಣ ಇದು.