ಆ ವರ್ಷ ಏನಾಗಿತ್ತು ಎಂದು ಕೇಳುವವರು

ಮಾರ್ಚ್ ಕೊನೆಯ ವಾರ ನಮ್ಮ ಪಕ್ಕದ ಮನೆಯ ಫಿಲಿಪಿನೋ ಹುಡುಗಿಗೆ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪ್ರವೇಶ ಸಿಕ್ಕಿತು. ಯುಗಾದಿ ಊಟಕ್ಕೆ ಸೇರಿದ್ದ ನಮ್ಮವರ ನಡುವೆ ನಾನು ಈ ಸುದ್ದಿಯನ್ನು ಸಂತೋಷದಿಂದ ಹೇಳಿದಾಗ ಹಿರಿಯರೊಬ್ಬರು, "ಕೆಮಿಸ್ಟ್ರಿಯಲ್ಲಿ ಸಿ ಗ್ರೇಡ್ ತೆಗೆದವಳಿಗೆ ಬರ್ಕ್ಲಿಯಲ್ಲಿ ಸೀಟು ಎಂದರೆ ಯಾವುದೋ ಕೋಟಾ ಇರಬೇಕಮ್ಮ" ಎಂದರು. ಅವರು ಕೆಟ್ಟವರಲ್ಲ, ನನ್ನ ಮಗನ ಓದಿನ ಬಗ್ಗೆ ಅಕ್ಕರೆಯಿಂದ ವಿಚಾರಿಸುವವರು. ಆದರೂ ಆ ಮಾತು ನನ್ನನ್ನು ನೋಯಿಸಿತು, ಏಕೆಂದರೆ ಆ 'ಸಿ'ಯ ಹಿಂದಿನ ವರ್ಷವನ್ನು ನಾನು ಬೇಲಿಯ ಈಚೆಯಿಂದ ಕಣ್ಣಾರೆ ಕಂಡಿದ್ದೆ.

ಕೋಟಾದ ಮಾತು ಸರಿಯೂ ಅಲ್ಲ. ಸರ್ಕಾರಿ ವಿಶ್ವವಿದ್ಯಾಲಯಗಳ ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸಬಾರದೆಂದು ಕ್ಯಾಲಿಫೋರ್ನಿಯಾದ ಮತದಾರರು 1996ರಲ್ಲಿಯೇ ತೀರ್ಮಾನಿಸಿದ್ದಾರೆ. ಕಾಲೇಜು ಸೇರಬಯಸುವವರು ಬರೆಯುವ ಎಸ್‌ಎಟಿ ಪರೀಕ್ಷೆಯ ಅಂಕಗಳನ್ನು ಪ್ರವೇಶದ ನಿರ್ಧಾರಕ್ಕೆ ಬಳಸುವುದನ್ನೂ ಈ ವಿಶ್ವವಿದ್ಯಾಲಯ ಕೈಬಿಟ್ಟಿದೆ, ಹಾಗಾಗಿ ಅವಳ ಸಾಧಾರಣ ಸ್ಕೋರು ಅಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ. (ಎಂಐಟಿಯಂಥ ಸಂಸ್ಥೆಗಳು ಅದೇ ಪರೀಕ್ಷೆಯನ್ನು ಮತ್ತೆ ಕಡ್ಡಾಯ ಮಾಡಿವೆ; ಈ ವಿಷಯದಲ್ಲಿ ಇಲ್ಲಿಯೂ ಒಮ್ಮತವಿಲ್ಲ.) ಶಾಲೆಯ ಗ್ರೇಡುಗಳು ಮಾತ್ರ ಬಹಳ ಮುಖ್ಯ. ಆದರೆ ಅವುಗಳನ್ನು ಆ ಶಾಲೆಯಲ್ಲಿ ಏನೇನು ಓದಲು ಅವಕಾಶವಿತ್ತು ಎಂಬುದರ ಜೊತೆಗಿಟ್ಟು ತೂಗುತ್ತಾರೆ. ಅರ್ಜಿಯಲ್ಲಿ ಎಂಟು ಪ್ರಶ್ನೆಗಳಿರುತ್ತವೆ; ನಾಲ್ಕನ್ನು ಆರಿಸಿಕೊಂಡು ಪ್ರತಿಯೊಂದಕ್ಕೂ 350 ಪದಗಳ ಒಳಗೆ ಉತ್ತರ ಬರೆಯಬೇಕು. ನೀನು ಎದುರಿಸಿದ ಅತಿ ದೊಡ್ಡ ಸವಾಲು ಯಾವುದು, ಅದರಿಂದ ನಿನ್ನ ಓದಿನ ಮೇಲೆ ಏನು ಪರಿಣಾಮವಾಯಿತು ಎಂಬುದು ಅವುಗಳಲ್ಲಿ ಒಂದು.

ಅವಳು ಹತ್ತನೆಯ ತರಗತಿಯಲ್ಲಿದ್ದಾಗ ಅಜ್ಜಿಯ ಮೂತ್ರಪಿಂಡಗಳು ಕೈಕೊಟ್ಟವು. ತಾಯಿ ನರ್ಸು, ರಾತ್ರಿ ಪಾಳಿ. ವಾರಕ್ಕೆ ಮೂರು ದಿನ ಬೆಳಗ್ಗೆ ಅಜ್ಜಿಯನ್ನು ಡಯಾಲಿಸಿಸ್‌ಗೆ ಕರೆದೊಯ್ಯುವ ವ್ಯಾನು ಬರುವವರೆಗೆ ಮನೆಯಲ್ಲಿ ಇರಬೇಕಾದವಳು ಇವಳೇ. ವ್ಯಾನು ತಡವಾದ ದಿನವೆಲ್ಲ ಮೊದಲ ಪೀರಿಯಡ್ ತಪ್ಪುತ್ತಿತ್ತು, ಆ ಪೀರಿಯಡ್ ಕೆಮಿಸ್ಟ್ರಿ. ಅದೇ ವರ್ಷ ಅವಳು ಅಡುಗೆಮನೆಯಲ್ಲಿ ಆಲೂಗಡ್ಡೆಯನ್ನು ಸಣ್ಣಗೆ ಹೆಚ್ಚಿ, ತುಂಬ ನೀರಿನಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲಿ, ಅಜ್ಜಿಗೆ ತಟ್ಟೆಗೆ ಹಾಕುತ್ತಿದ್ದುದನ್ನು ನಾನು ನೋಡಿದ್ದೇನೆ. ಏಕೆಂದು ಕೇಳಿದ್ದಕ್ಕೆ, ಡಯಾಲಿಸಿಸ್ ರೋಗಿಯ ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯಕ್ಕೆ ಅಪಾಯ, ಹೀಗೆ ಬೇಯಿಸಿದರೆ ಅದು ಒಂದಿಷ್ಟು ನೀರಿಗೆ ಇಳಿದುಹೋಗುತ್ತದೆ ಎಂದು ವಿವರಿಸಿದ್ದಳು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಹಾಳೆಯಲ್ಲಿ ಅಜ್ಜಿಯ ತೂಕ ಮತ್ತು ರಕ್ತದೊತ್ತಡವನ್ನು ಅವಳೇ ತಾರೀಖಿನ ಪ್ರಕಾರ ಬರೆದಿಡುತ್ತಿದ್ದಳು. ಮುಂದಿನ ವರ್ಷ ಅಜ್ಜಿಯನ್ನು ನೋಡಿಕೊಳ್ಳಲು ಚಿಕ್ಕಮ್ಮ ಬಂದರು, ಇವಳ ಗ್ರೇಡುಗಳೂ ಮೇಲೆದ್ದವು. ಪ್ರವೇಶ ಸಿಕ್ಕ ಸಂಜೆ ಅವಳು ನನಗೆ ಹೇಳಿದ ಮಾತು ಇದು: "ಆಂಟಿ, ಆ ಸಿ ಯಾಕೆ ಬಂತು ಅಂತ ಯಾರೂ ಕೇಳಿರಲಿಲ್ಲ. ಅಪ್ಲಿಕೇಶನ್ ಕೇಳಿತು."

ನನಗೆ ಥಟ್ಟನೆ ನೆನಪಾದವಳು ಸಾಗರದ ನಮ್ಮ ಚಿಕ್ಕಪ್ಪನ ಮಗಳು. ಅವಳು ಎರಡನೇ ಪಿಯುಸಿಯಲ್ಲಿದ್ದಾಗ, ಅಡಿಕೆ ಕೊಯ್ಲಿನ ನಡುವೆಯೇ ಚಿಕ್ಕಪ್ಪನಿಗೆ ಲಕ್ವ ಹೊಡೆಯಿತು. ಚಿಕ್ಕಮ್ಮ ಆಸ್ಪತ್ರೆಯಲ್ಲಿ. ಕೊಯ್ಲಿನವರಿಗೆ ಹೇಳಿಕಳಿಸುವುದು, ರಾತ್ರಿ ಸುಲಿಯಲು ಬಂದವರ ಡಬ್ಬದ ಲೆಕ್ಕ ಬರೆಯುವುದು, ಬೇಯಿಸುವ ಹಂಡೆಯ ಬೆಂಕಿ ನೋಡುವುದು, ಅಂಗಳದಲ್ಲಿ ಹರವಿದ್ದನ್ನು ಸಂಜೆ ಒಟ್ಟುಮಾಡಿಸುವುದು ಎಲ್ಲವೂ ಹದಿನೇಳರ ಹುಡುಗಿಯ ಹೆಗಲಿಗೆ ಬಿತ್ತು. ಆ ವರ್ಷದ ಫಸಲಿನಲ್ಲಿ ಒಂದು ಮೂಟೆಯೂ ಹಾಳಾಗಲಿಲ್ಲ, ಸಾಲದ ಕಂತೂ ತಪ್ಪಲಿಲ್ಲ. ಪರೀಕ್ಷೆಯಲ್ಲಿ ಮಾತ್ರ ಅಂಕ ಇಳಿಯಿತು. ಬಂದುಹೋದ ನೆಂಟರೆಲ್ಲ ಕೇಳಿದ್ದು "ಪಿಸಿಎಂ ಎಷ್ಟು ಬಂತೇ?" ಎಂಬ ಒಂದೇ ಪ್ರಶ್ನೆ. ಅವಳು ಬಯಸಿದ ಎಂಜಿನಿಯರಿಂಗ್ ಸೀಟು ಸಿಗಲಿಲ್ಲ.

ನಮ್ಮ ವ್ಯವಸ್ಥೆಯನ್ನು ಹಗುರವಾಗಿ ಕಾಣುವುದು ನನ್ನ ಉದ್ದೇಶವಲ್ಲ. ಸಿಇಟಿ ರ‍್ಯಾಂಕಿನ ಎದುರು ಯಾರ ಶಿಫಾರಸೂ ನಡೆಯುವುದಿಲ್ಲ, ಪರಿಚಯಸ್ಥರಿಲ್ಲದ ರೈತನ ಮಗಳು ಬೆಂಗಳೂರಿನ ಒಳ್ಳೆಯ ಕಾಲೇಜಿಗೆ ತಲೆಯೆತ್ತಿ ಕಾಲಿಡಬಲ್ಲಳು. ಇದು ಸಣ್ಣ ಮಾತಲ್ಲ. ಮನುಷ್ಯರು ಅರ್ಜಿಯನ್ನು ಓದಿ ತೀರ್ಮಾನಿಸುವ ಕಡೆ ಹಣ ಮತ್ತು ಪ್ರಭಾವ ನುಸುಳುತ್ತವೆ ಎಂಬುದಕ್ಕೆ ಅಮೆರಿಕವೇ ಸಾಕ್ಷಿ. ಇದೇ ವಿಶ್ವವಿದ್ಯಾಲಯದ ನಾಲ್ಕು ಕ್ಯಾಂಪಸ್‌ಗಳಲ್ಲಿ, ಬರ್ಕ್ಲಿಯೂ ಸೇರಿದಂತೆ, ಪರಿಚಯ ಮತ್ತು ದೇಣಿಗೆಯ ಬಲದಿಂದ 64 ಮಂದಿಗೆ ಅನುಚಿತವಾಗಿ ಪ್ರವೇಶ ನೀಡಲಾಗಿತ್ತು ಎಂದು 2020ರಲ್ಲಿ ರಾಜ್ಯದ ಲೆಕ್ಕಪರಿಶೋಧಕರೇ ಬಯಲಿಗೆ ತಂದರು. ಪ್ರಬಂಧವನ್ನು ತಿದ್ದಿಕೊಡಲು ಸಾವಿರಾರು ಡಾಲರ್ ಪಡೆಯುವ ಸಲಹೆಗಾರರು ನಮ್ಮ ಬಡಾವಣೆಯಲ್ಲಿಯೇ ಇದ್ದಾರೆ. ಪಕ್ಕದ ಮನೆಯ ಹುಡುಗಿಯ ಇದೇ ಅರ್ಜಿ, ಇವೇ ನಾಲ್ಕು ಉತ್ತರಗಳು ಲಾಸ್ ಏಂಜಲೀಸ್ ಕ್ಯಾಂಪಸ್ಸಿಗೂ ಹೋಗಿದ್ದವು, ಅಲ್ಲಿಂದ ನಿರಾಕರಣೆ ಬಂತು.

ಆದರೆ ಇಷ್ಟೊಂದು ಮಕ್ಕಳ ಕಥೆಯನ್ನು ಓದುವವರು ಯಾರು ಎಂಬ ನಮ್ಮ ಮಾಮೂಲು ಸಮಾಧಾನವನ್ನು ನಾನು ಒಪ್ಪಲಾರೆ. ಬರ್ಕ್ಲಿಗೆ ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬರುತ್ತವೆ, ಅವನ್ನು ಓದಲೆಂದೇ ತರಬೇತಿ ಪಡೆದವರಿದ್ದಾರೆ. ಬೆಳೆದ ಪರಿಸರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬುದು ನಮಗೂ ಹೊಸದಲ್ಲ. ಹಳ್ಳಿಯಲ್ಲಿ ಓದಿದವರಿಗೆ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿಯಲ್ಲಿ ಮೀಸಲು ಸೀಟುಗಳಿವೆ. ಮುಖ್ಯೋಪಾಧ್ಯಾಯರ ಸಹಿ, ಬಿಇಒ ಮೇಲುಸಹಿ ಇರುವ ಪ್ರಮಾಣಪತ್ರ ಕೊಟ್ಟರೆ ಸಾಕು. ಸರ್ಕಾರಕ್ಕೆ ನನ್ನ ತಂಗಿಯ ಊರು ಗೊತ್ತು, ಅವಳು ಓದಿದ ಭಾಷೆ ಗೊತ್ತು, ಆ ಚಳಿಗಾಲ ಅವಳ ಮನೆಯಲ್ಲಿ ನಡೆದದ್ದು ಗೊತ್ತಿರಲಿಲ್ಲ. ಅವಳ ಕಾಲೇಜಿನ ಉಪನ್ಯಾಸಕರಿಗೆ ಅದು ಚೆನ್ನಾಗಿ ಗೊತ್ತಿತ್ತು, ಆದರೆ ಬರೆದು ತಿಳಿಸಲು ಯಾವ ಅರ್ಜಿಯಲ್ಲಿಯೂ ಅವರಿಗೆ ಜಾಗವಿರಲಿಲ್ಲ. ರ‍್ಯಾಂಕಿನ ಸೀಟುಗಳನ್ನು ಮುಟ್ಟುವುದು ಬೇಡ. ಪ್ರತಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾಲ್ಕಾರು ಹೆಚ್ಚುವರಿ ಸೀಟುಗಳನ್ನು ತೆರೆದು, ಆ ವರ್ಷ ಏನಾಯಿತು ಎಂದು ವಿದ್ಯಾರ್ಥಿಯಿಂದ ಒಂದು ಪುಟ, ಅವಳನ್ನು ಬಲ್ಲ ಉಪನ್ಯಾಸಕರಿಂದ ಒಂದು ಪುಟ ಬರೆಯಿಸಿಕೊಂಡು, ಹೆಸರು ಮತ್ತು ಜಾತಿಯ ಕಾಲಂ ಮುಚ್ಚಿ ಬೇರೆ ಜಿಲ್ಲೆಯ ಮೂವರು ಅಧ್ಯಾಪಕರಿಗೆ ಓದಲು ಕೊಟ್ಟು ಆಯ್ಕೆ ಮಾಡುವುದನ್ನು ಒಂದೆರಡು ಜಿಲ್ಲೆಗಳಿಂದಲಾದರೂ ಆರಂಭಿಸಬಹುದು.